ಸರ್ಕಾರವನ್ನು ಹೊಂಗೆಮರದಡಿ ಕೂರಿಸಿದವರು

ಮುನಿವೆಂಕಟಪ್ಪನವರು ಸರ್ಕಾರಕ್ಕೆ ಕಾಫಿ ಕೊಡುತ್ತಾರೆ, ಬೇಸಿಗೆಯಾದರೆ ಎಳನೀರು ಕೆತ್ತಿಸಿ ಕೊಡುತ್ತಾರೆ, ಊಟದ ಹೊತ್ತಾಗಿದ್ದರೆ ಬಿಸಿಮುದ್ದೆ ಬಡಿಸಿ, ಕೈಗೆ ನೀರು ಹಾಕಿ, ಎಲೆಅಡಿಕೆಯ ತಟ್ಟೆಯನ್ನೂ ಮುಂದಿಡುತ್ತಾರೆ. ಜಮೀನಿನ ಒಳಕ್ಕೆ ಮಾತ್ರ ಬಿಡುವುದಿಲ್ಲ. ತ್ಯಾಮಗೊಂಡ್ಲು ಹೋಬಳಿಯಲ್ಲಿ, ಒಂದು ಕಲ್ಲುಗುಟ್ಟೆಯ ಮಗ್ಗುಲಿಗೆ ಒರಗಿಕೊಂಡಿರುವ ಅವರ ತೋಟ ಹೊಲಗಳ ಸುತ್ತ ಕಲ್ಲುಕಂಬದ ಬೇಲಿಯಿದೆ. ಬೇಲಿಗೊಂದು ಕಬ್ಬಿಣದ ಗೇಟು, ಗೇಟಿನ ಹೊರಗೆ ಒಂದು ಹೊಂಗೆಮರ, ಮರದ ಬುಡದಲ್ಲಿ ನಾಲ್ವರು ಆರಾಮವಾಗಿ ಕೂರಬಹುದಾದ ಒಂದು ಚಪ್ಪಡಿ ಕಲ್ಲು. ಜನಗಣತಿಯವರಿರಲಿ, ಬೆಳೆ ಸಮೀಕ್ಷೆಯವರಿರಲಿ, ಕಂದಾಯದವರಿರಲಿ, ಕೊರಳಲ್ಲಿ ಗುರುತಿನ ಚೀಟಿಯೋ ಕಂಕುಳಲ್ಲಿ ಫೈಲೋ ಕಂಡರೆ ಸಾಕು, ಅವರ ಆಸನ ಆ ಚಪ್ಪಡಿ. ಊರವರು ಅದನ್ನು ಸರ್ಕಾರಿ ಚಪ್ಪಡಿ ಎಂದೇ ಕರೆಯುತ್ತಾರೆ. ಗೇಟಿನ ಒಳಗೆ ಮುನಿವೆಂಕಟಪ್ಪನವರು ನಿಲ್ಲುತ್ತಾರೆ, ಹೊರಗೆ ಸರ್ಕಾರ ಕೂರುತ್ತದೆ, ಸರಳುಗಳ ಸಂದಿಯಲ್ಲಿ ಕಾಫಿಯ ಲೋಟ ಹಾದುಹೋಗುತ್ತದೆ.

ಉಪಚಾರದಲ್ಲಿ ಕೊರತೆಯಾಯಿತೆಂದು ಯಾವ ಅಧಿಕಾರಿಯೂ ದೂರುವಂತಿಲ್ಲ. ಪಶುವೈದ್ಯರು ಬಂದಾಗ ಅವರನ್ನು ಕೊಟ್ಟಿಗೆಗೆ ಕರೆಯುವ ಬದಲು, ಜ್ವರ ಬಂದು ನಡುಗುತ್ತಿದ್ದ ಹಸುವನ್ನೇ ಮೈಮೇಲೆ ಗೋಣಿತಾಟು ಹೊದಿಸಿ ಹೊಂಗೆಮರದಡಿಗೆ ನಡೆಸಿಕೊಂಡು ಬಂದವರು ಅವರು. "ದೇವಸ್ಥಾನಕ್ಕೆ ನಾವು ಹೋಗಲ್ವ ಸ್ವಾಮಿ, ಹಂಗೇಯ," ಎಂದು ವೈದ್ಯರಿಗೆ ಸಮಾಧಾನ ಹೇಳಿದರಂತೆ. ಕರೆಂಟಿನ ಮೀಟರು ಓದುವವನು ಒಳಗೆ ಬರಬೇಕಾಗುತ್ತದೆಂದು ಓಡಾಡಿ ಮೀಟರಿನ ಪೆಟ್ಟಿಗೆಯನ್ನು ಬೇಲಿಯಾಚೆಯ ಕಂಬಕ್ಕೆ ಹಾಕಿಸಿಕೊಂಡರು. ಅಳಿಯ ಮುನಿರಾಜ್ ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮದುವೆಯಾದ ಹೊಸದರಲ್ಲಿ ಯುಗಾದಿಗೆಂದು ಕಚೇರಿಯಿಂದ ನೇರವಾಗಿ ಬಂದವನು ಕೊರಳಿನ ಪಟ್ಟಿ ತೆಗೆಯುವುದನ್ನು ಮರೆತಿದ್ದ. ಮಾವ ಗೇಟಿನ ಚಿಲಕಕ್ಕೆ ಕೈಯಿಟ್ಟುಕೊಂಡೇ ನಗುತ್ತ ಹೇಳಿದರು: "ಅಳಿಯಂದ್ರೆ, ಆ ದಾರ ತೆಗ್ದು ಜೇಬಲ್ಲಿಟ್ಕಳಿ. ಸರ್ಕಾರ ಚಪ್ಪಡಿ ಮ್ಯಾಲಿರ್ಲಿ, ಅಳಿಯ ಒಳಕ್ಕೆ ಬರ್ಲಿ."

ನಾನೂ ಆ ಚಪ್ಪಡಿಯನ್ನು ಬಹಳ ವರ್ಷ ಸವೆಸಿದವನೇ. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡಿದ್ದ ಬಡಪಾಯಿ ಮೇಷ್ಟ್ರಿಂದ ಯಾರ ಜಮೀನಿಗೆ ಯಾವ ಧಕ್ಕೆ ಬಂದೀತು ಎಂದು ಒಳಗೊಳಗೇ ಮುನಿಸಿಕೊಳ್ಳುತ್ತ, ಆದರೂ ಆ ಕಾಫಿಯ ರುಚಿಗೆ ಸೋತು, ಸಂಜೆಯ ತಿರುಗಾಟದಲ್ಲಿ ಅಲ್ಲಿ ಕೂತು ಹರಟುತ್ತಿದ್ದೆ. ನಿವೃತ್ತನಾದ ಮೇಲೆ ಒಂದು ಸಂಜೆ ಹೋದಾಗ ಗೇಟು ತಾನಾಗಿ ತೆರೆಯಿತು. "ಇನ್ನೇನು ಮೇಷ್ಟ್ರೆ, ಈಗ ನೀವು ಬರೀ ಮನುಷ್ಯರು, ಬನ್ನಿ," ಎಂದರು. ಮೂವತ್ತು ವರ್ಷದ ಸೇವೆಗೆ ನನಗೆ ಸಿಕ್ಕ ಬೀಳ್ಕೊಡುಗೆಗಳಲ್ಲಿ ಹೃದಯಕ್ಕೆ ತಟ್ಟಿದ್ದು ಅದೊಂದೇ.

ಎಪ್ಪತ್ತರ ಹತ್ತಿರದ ಜೀವ. ಎತ್ತರದ ಆಳು, ಆದರೆ ಸೊಂಟದಿಂದ ಮೇಲೆ ಮುಂದಕ್ಕೆ ಬಾಗಿ, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನೆಲದಲ್ಲಿ ಏನೋ ಬೀಳಿಸಿಕೊಂಡು ಹುಡುಕುವವರ ಹಾಗೆ ನಡೆಯುತ್ತಾರೆ. ದಿನವೂ ಬೆಳಗಿನ ಹೊತ್ತು ಹಲ್ಲುಜ್ಜುವ ಬೇವಿನಕಡ್ಡಿಯನ್ನು ಬಾಯಲ್ಲಿಟ್ಟುಕೊಂಡು ಬದುವಿನ ಮೇಲೆ ಜಮೀನಿಗೊಂದು ಪ್ರದಕ್ಷಿಣೆ ಹಾಕದೆ ಅವರು ಮುಖ ತೊಳೆದವರಲ್ಲ. ಮಗಳು ಶಾಲೆಯಲ್ಲಿದ್ದಾಗ ಹೆಣೆದುಕೊಟ್ಟ, ತೋಳಿಲ್ಲದ, ನಶ್ಯದ ಬಣ್ಣದ ಸ್ವೆಟರೊಂದು ಮಾಗಿಯಲ್ಲೂ ಮೇ ತಿಂಗಳ ಬಿಸಿಲಲ್ಲೂ ಅವರ ಮೈಬಿಟ್ಟು ಇಳಿಯುವುದಿಲ್ಲ. ಅದರ ಗುಂಡಿಗಳು ಉದುರಿದಂತೆಲ್ಲ ಕೈಗೆ ಸಿಕ್ಕ ಗುಂಡಿಯನ್ನು ಹೊಲಿಸಿ, ಈಗ ಒಂದರಂತೆ ಇನ್ನೊಂದಿಲ್ಲ. ಮಾತು ಕಡಿಮೆ. ಯಾರೇನು ಕೇಳಿದರೂ "ನೋಡಾಣ ಬುಡಿ" ಎನ್ನುತ್ತಾರೆ. ಹಾಗೆಂದರೆ ಆಗುವುದಿಲ್ಲ ಎಂದು ಅರ್ಥ. ಆಗುವುದಾದರೆ ಬಾಯಿ ಬಿಡುವುದೇ ಇಲ್ಲ, ಎದ್ದು ಹೊರಟುಬಿಡುತ್ತಾರೆ. ಅವರ ಹೆಂಡತಿ ಲಕ್ಕಮ್ಮನವರು ಸಂಸಾರವೆಲ್ಲ ಈ ಎರಡೇ ಗುರುತುಗಳಿಂದ ಗಂಡನ ಮನಸ್ಸನ್ನು ಓದಿಕೊಂಡು ಬಂದವರು.

ಈ ಮನುಷ್ಯ ಹುಟ್ಟಾ ಹೀಗಿರಲಿಲ್ಲ. ಹಿಂದೆ ಅವರಿಗೆ ಹೆದ್ದಾರಿಯ ಕಡೆಗೆ ಇನ್ನೊಂದು ಜಮೀನಿತ್ತು, ಬೇವಿನಮರದ ಹೊಲ ಎಂದು ಹೆಸರು. ಅವರ ತಾಯಿ ಅಮ್ಮಯಮ್ಮ ಗಂಡ ತೀರಿಕೊಂಡ ಮೇಲೆ ಕಲ್ಲು ಆಯ್ದು, ಬದು ಹಾಕಿ, ತಲೆಯ ಮೇಲೆ ಕೆರೆಮಣ್ಣು ಹೊತ್ತು ಹದಕ್ಕೆ ತಂದ ಹೊಲ. ಒಂದು ದಿನ ಅಳತೆಯವರು ಬಂದರು. "ಬರೀ ಅಳತೆ ಯಜಮಾನ್ರೆ, ಏನೂ ಆಗಲ್ಲ" ಎಂದರು. ಚೈತ್ರದ ಬಿಸಿಲು. ಅಳತೆಯ ಸರಪಳಿ ಎಳೆಯುತ್ತಿದ್ದ ಜವಾನ ವಯಸ್ಸಾದವನು, ಉಬ್ಬಸದವನು, ಎರಡು ಸಲ ಎಡವಿದ. ಮನೆಗೆ ಬಂದವರು ಬಸವಳಿಯುವುದನ್ನು ನೋಡಿಕೊಂಡು ನಿಲ್ಲುವುದು ನಮ್ಮ ಸೀಮೆಯ ಒಕ್ಕಲು ಮನೆಗಳಲ್ಲಿ ಕಲಿಸಿದ ವಿದ್ಯೆಯಲ್ಲ. ಮುನಿವೆಂಕಟಪ್ಪ ಆ ಮುದುಕನನ್ನು ಬೇವಿನ ನೆರಳಲ್ಲಿ ಕೂರಿಸಿ, ನೀರು ಕೊಟ್ಟು, ಸರಪಳಿಯ ತುದಿಯನ್ನು ತಾವೇ ಹಿಡಿದರು. ಸಡಿಲ ಬಿಡದೆ, ಅಂಕುಡೊಂಕಾಗದಂತೆ, ತಮ್ಮ ಹೊಲವನ್ನು ಈ ಬದುವಿನಿಂದ ಆ ಬದುವಿಗೆ ತಾವೇ ಅಳೆದುಕೊಟ್ಟರು. ಮಧ್ಯಾಹ್ನ ಎಲ್ಲರಿಗೂ ಊಟ ಹಾಕಿಸಿದರು. ಮಳೆಗಾಲ ಮುಗಿಯುವ ಮೊದಲೇ ಸರ್ಕಾರ ಹೊಲವನ್ನು ವಶಕ್ಕೆ ತೆಗೆದುಕೊಳ್ಳುವ ನೋಟೀಸು ಬಂತು, ಅದರ ಮುಂದಿನ ವರ್ಷ ಹೊಲದ ಸುತ್ತ ಕಾಂಪೌಂಡು ಎದ್ದಿತು.

ಅಮ್ಮಯಮ್ಮ ಮಗನಿಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ಬೆಳಗ್ಗೆ ಮಾತ್ರ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಜದ ಮೊರ ಎತ್ತಿಕೊಂಡು, "ಬೇವಿನಮರದ ಹೊಲ ಹದ ಆಗೈತೆ ಕಣ್ಲ, ಬಾ" ಎಂದು ಬಾಗಿಲು ದಾಟಿಬಿಡುತ್ತಿದ್ದರು. ಮಗ ಹಿಂದೆ ಓಡಿ, ಕೈಹಿಡಿದು ಮನೆಗೆ ಕರೆತರಬೇಕಾಗುತ್ತಿತ್ತು. ತೀರಿಕೊಳ್ಳುವ ವರ್ಷದವರೆಗೂ ಹೀಗೇ ನಡೆಯಿತು. "ನಾನೇ ಹಿಡ್ಕೊಟ್ಟೆ ಮೇಷ್ಟ್ರೆ," ಎಂದು ಒಮ್ಮೆ, ಒಮ್ಮೆ ಮಾತ್ರ, ಅವರು ನನ್ನ ಹತ್ತಿರ ಅಂದದ್ದುಂಟು. ಹೊಂಗೆಮರದಡಿ ಚಪ್ಪಡಿ ಬಂದದ್ದು ಆ ಕಾಂಪೌಂಡು ಎದ್ದ ವರ್ಷವೇ.

ಇಂಥವರ ಗೇಟಿಗೆ ಹೋದ ಮಾಗಿಯಲ್ಲಿ ಅರಣ್ಯ ಇಲಾಖೆಯ ಜೀಪು ಬಂದು ನಿಂತಿತು.

ರಾಗಿ ಕೊಯ್ಲು ನಡೆದಿತ್ತು. ಗುಟ್ಟೆಯ ಕೆಳಗಿನ ಹೊಲದಲ್ಲಿ ಕೂಲಿಯ ಹೆಂಗಸರು ಸಾಲು ಹಿಡಿದು ಕೊಯ್ಯುತ್ತ ಬಂದವರು, ನಡುವೆ ಅಕ್ಕಡಿಯಾಗಿ ಹಾಕಿದ್ದ ತೊಗರಿ ಗಿಡಗಳ ದಟ್ಟಣೆಯಲ್ಲಿ ಎರಡು ಮರಿಗಳನ್ನು ಕಂಡರು. ಮುಂದಾಳು ಮಾರಕ್ಕ ಧೈರ್ಯದ ಹೆಂಗಸು. ಕಾಡುಬೆಕ್ಕಿನ ಮರಿ, ನಾಯಿ ಬಾಯಿಗೆ ಬಿದ್ದಾವು ಪಾಪ ಎಂದುಕೊಂಡು ಮಂಕರಿಯಲ್ಲಿಟ್ಟು ಮನೆಗೆ ತಂದಳು. ಬೂದಿಬಣ್ಣದ ಮೈತುಂಬ ಒತ್ತೊತ್ತಾಗಿ ಚುಕ್ಕೆ, ಆಗಷ್ಟೇ ತೆರೆದ ಕಣ್ಣು. ಲಕ್ಕಮ್ಮನವರು ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಲು ನೋಡಿದರು, ಅವು ಮುಖ ತಿರುಗಿಸಿದವು. ಮಗಳಿಗೆ ತೋರಿಸೋಣವೆಂದು ಮೊಬೈಲಿನಲ್ಲಿ ಫೋಟೊ ಕಳಿಸಿದರು. ಮಗಳ ಬದಲು ಅಳಿಯನೇ ಫೋನು ಮಾಡಿ ಕೂಗಿಕೊಂಡ: "ಅತ್ತೆ, ಅವು ಬೆಕ್ಕಲ್ಲ! ಚಿರತೆ ಮರಿ! ಯಾರೂ ಹೊಲಕ್ಕೆ ಹೋಗ್ಬೇಡಿ." ಅತ್ತ ಇಲಾಖೆಗೂ ಅವನೇ ಸುದ್ದಿ ಮುಟ್ಟಿಸಿದ. "ದಾರ ಜೇಬಲ್ಲಿಟ್ಕಂಡ್ರೂ ಸರ್ಕಾರ ಸರ್ಕಾರನೇ," ಎಂದು ಮಾವ ಗೊಣಗಿಕೊಂಡರು.

ಜೀಪಿನಿಂದ ಇಳಿದವರು ಉಪ ವಲಯ ಅರಣ್ಯಾಧಿಕಾರಿ ಸಂಘಮಿತ್ರ. ಮೂವತ್ತರ ಆಸುಪಾಸಿನ, ಖಾಕಿಯ ತೋಳನ್ನು ಮೊಣಕೈವರೆಗೆ ಮಡಚಿದ್ದ ಹೆಣ್ಣುಮಗಳು. ಜೊತೆಗೊಬ್ಬ ವೈದ್ಯ, ಒಬ್ಬ ಗಾರ್ಡು. ಊರ ಜನ ಆಗಲೇ ಹೊಂಗೆಮರದ ಸುತ್ತ ನೆರೆದಿತ್ತು, ನಾನೂ ಅದರಲ್ಲೊಬ್ಬ. ರೂಢಿಯಂತೆ ಅಧಿಕಾರಿಗಳು ಚಪ್ಪಡಿಯ ಮೇಲೆ ಕೂತರು, ರೂಢಿಯಂತೆ ಕಾಫಿ ಬಂತು. ಮುನಿವೆಂಕಟಪ್ಪನವರು ಮರಿಗಳಿದ್ದ ಮಂಕರಿಯನ್ನು ಸೆಣಬಿನ ಚೀಲದಿಂದ ಮುಚ್ಚಿ ತಂದು ಗೇಟಿನ ಬಳಿ ಇಟ್ಟರು. "ತಗೊಳಿ ತಾಯಿ, ನಿಮ್ಮ ಸಾಮಾನು. ಜ್ವಾಪಾನವಾಗಿ ತಗೊಂಡೋಗಿ," ಎಂದರು.

"ತಗೊಂಡು ಹೋಗಕ್ಕೆ ಬಂದಿಲ್ಲ ಯಜಮಾನ್ರೆ, ವಾಪಸ್ ಇಡಕ್ಕೆ ಬಂದಿದೀನಿ," ಎಂದರು ಸಂಘಮಿತ್ರ.

ಜನದಲ್ಲಿ ಗದ್ದಲವೆದ್ದಿತು. ಆಕೆ ಸಾವಕಾಶವಾಗಿ ವಿವರಿಸಿದರು. ಮರಿ ಒಯ್ದರೆ ಅವು ಬದುಕಿರುವವರೆಗೂ ಬೋನಿನಲ್ಲಿ ಕೊಳೆಯಬೇಕು; ಇತ್ತ ತಾಯಿ ಮರಿಗಳನ್ನು ಹುಡುಕಿಕೊಂಡು ಊರೊಳಗೇ ಸುತ್ತುತ್ತದೆ, ಅದು ಎಲ್ಲರಿಗೂ ಅಪಾಯ. ಬಿಟ್ಟುಹೋದ ಜಾಗಕ್ಕೆ ತಾಯಿ ಸಾಮಾನ್ಯವಾಗಿ ಮರಳಿ ಬರುತ್ತದೆ. ಎಲ್ಲಿ ಸಿಕ್ಕಿದವೋ ಅಲ್ಲೇ ಪೆಟ್ಟಿಗೆಯಲ್ಲಿಟ್ಟು, ಸುತ್ತ ಕ್ಯಾಮೆರಾ ಕಟ್ಟಿ, ಅದು ಬಂದು ಒಯ್ಯುವವರೆಗೆ ಯಾರೂ ಆ ಹೊಲಕ್ಕೆ ಕಾಲಿಡಬಾರದು, ಕೊಯ್ಲೂ ನಿಲ್ಲಬೇಕು. ಆಕಾಶ ಅಂದು ಬೆಳಗಿನಿಂದಲೇ ಮಂಕಾಗಿತ್ತು, ಮದರಾಸಿನ ಕಡೆ ಚಂಡಮಾರುತವೆಂದು ಟೀವಿಯಲ್ಲಿ ಹೇಳುತ್ತಿದ್ದರು. ಬಲಿತ ರಾಗಿ ನಿಂತಲ್ಲೇ ನೆಂದರೆ ತೆನೆಯಲ್ಲೇ ಮೊಳೆಯುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಪಕ್ಕದ ಹೊಲದ ಭೀಮರಾಜ್ ಸಿಟ್ಟಿನಿಂದ, "ಮರಿ ಇಡೋದಲ್ಲ ಮೇಡಂ, ಬೋನಿಟ್ಟು ತಾಯಿನೂ ಹಿಡ್ಕೊಂಡು ಬನ್ನೇರುಘಟ್ಟಕ್ಕೆ ಕಳ್ಸಿ. ಇಲ್ಲಿ ಮಕ್ಳು ಓಡಾಡ್ತಾವೆ," ಎಂದ. ಅವನದೂ ತಪ್ಪೆನ್ನುವಂತಿರಲಿಲ್ಲ. ಅವನ ಮನೆಯ ನಾಯಿ ಹೋದ ವಾರವಷ್ಟೇ ಕಾಣೆಯಾಗಿತ್ತು.

ಮುನಿವೆಂಕಟಪ್ಪನವರ ಗಂಟಲಲ್ಲಿ ಸಿಕ್ಕಿಕೊಂಡದ್ದು ರಾಗಿಯಲ್ಲ, ಚಿರತೆಯೂ ಅಲ್ಲ. ಗುಟ್ಟೆಯ ಮೇಲೆ ಚಿರತೆಯಿರುವುದು ಅವರಿಗೆ ಚಿಕ್ಕಂದಿನಿಂದ ಗೊತ್ತು; ಅದು ಅವರ ಗೇಟಿನಿಂದ ಬಂದಿರಲಿಲ್ಲ, ಗುರುತಿನ ಚೀಟಿ ಹಾಕಿಕೊಂಡೂ ಬಂದಿರಲಿಲ್ಲ. ಖಾಕಿ ಒಳಗೆ ಬಂದು, ಇದು ಚಿರತೆ ಮರಿ ಹಾಕುವ ಜಾಗ ಎಂದು ಬರೆದುಕೊಂಡರೆ, ನಾಳೆ ಗುಟ್ಟೆಯ ಜೊತೆಗೆ ಈ ಹೊಲವೂ ಕಾಡಿನ ಲೆಕ್ಕಕ್ಕೆ ಸೇರಿತೆಂದರೆ? ಉಳಿದಿರುವುದೇ ಇಷ್ಟು. ಇದನ್ನೂ ತಮ್ಮ ಕೈಯಾರೆ ಕೊಟ್ಟಂತಾದರೆ?

"ಎಲ್ಲಿಡ್ಬೇಕು ಯೋಳಿ, ನಾನೇ ಇಟ್ಬರ್ತೀನಿ," ಎಂದರು.

"ಆಗಲ್ಲ ಯಜಮಾನ್ರೆ. ತಾಯಿ ಅಲ್ಲೇ ಎಲ್ಲೋ ಇರುತ್ತೆ. ನಿಮ್ಮ ಮೇಲೆ ಬಿದ್ದರೆ ನಾನು ಯಾರಿಗೆ ಮುಖ ತೋರಿಸ್ಲಿ? ಡಾಕ್ಟರು ಜಾಗ ನೋಡ್ಬೇಕು, ಕ್ಯಾಮೆರಾ ಕಟ್ಬೇಕು. ನಾವು ಒಳಗೆ ಬರದೆ ಇದು ಆಗಲ್ಲ. ಬೇಡ ಅಂದ್ರೆ ಬಲವಂತ ಇಲ್ಲ, ಮರಿ ತಗೊಂಡು ಹೋಗ್ತೀನಿ."

"ನೋಡಾಣ ಬುಡಿ," ಎಂದರು ಮುನಿವೆಂಕಟಪ್ಪ. ಗೇಟಿನ ಒಳಗೆ ನಿಂತಿದ್ದ ಲಕ್ಕಮ್ಮನವರು ತಲೆ ತಗ್ಗಿಸಿದರು.

ಗಾರ್ಡು ಒಳ್ಳೆಯ ಮನಸ್ಸಿನವನೇ, ಮಾತು ಮುರಿದುಬೀಳುವುದನ್ನು ತಪ್ಪಿಸಲೆಂದು ಮುಂದೆ ಬಂದು, "ಅಯ್ಯೋ, ಯಾಕೆ ಯೋಚ್ನೆ ಮಾಡ್ತೀರಿ ಯಜಮಾನ್ರೆ, ಬರೀ ಮರಿ ಇಡೋದು ಅಷ್ಟೆ, ಏನೂ ಆಗಲ್ಲ," ಎಂದ. ಆ ಎರಡು ಪದ ಕಿವಿಗೆ ಬಿದ್ದದ್ದೇ ತಡ, ಮುನಿವೆಂಕಟಪ್ಪನವರ ಮುಖ ಕದ ಹಾಕಿಕೊಂಡಂತಾಯಿತು. ಅವರು ಮಂಕರಿಯನ್ನು ಕಾಲಿನಿಂದ ಗೇಟಿನ ಸರಳುಗಳತ್ತ ಮೆಲ್ಲಗೆ ಸರಿಸಿ, ಬೆನ್ನು ತಿರುಗಿಸಿದರು. ಮುಗಿಯಿತು ಎಂದುಕೊಂಡೆ ನಾನು.

ಸಂಘಮಿತ್ರ ಕಾಫಿಯ ಲೋಟವನ್ನು ಕೆಳಗಿಟ್ಟು ಎದ್ದರು. "ಹಾಗನ್ಬೇಡ್ರಿ," ಎಂದು ಗಾರ್ಡಿಗೆ ಹೇಳಿ, ಸರಳುಗಳ ಹತ್ತಿರ ಬಂದರು. "ಯಜಮಾನ್ರೆ, ಏನೂ ಆಗಲ್ಲ ಅಂತ ನಾನು ಹೇಳಕ್ಕಾಗಲ್ಲ."

ಅವರು ತಿರುಗಿದರು.

"ಏನು ಬರ್ಕೊಳ್ತೀರಿ ನೀವು?"

"ನಿಮ್ಮ ಸರ್ವೆ ನಂಬರ್ ಬರೀಬೇಕು. ಚಿರತೆ ಮರಿ ಸಿಕ್ಕಿದ್ದು ಇಲ್ಲಿ ಅಂತ ಬರೀಬೇಕು. ಖಾಸಗಿ ಜಮೀನು, ಮಾಲೀಕರು ಒಪ್ಪಿದ ಮೇಲೆ ಒಳಗೆ ಹೋದ್ವಿ ಅಂತಾನೂ ಬರೀತೀನಿ."

"ನಂಬರ್ ಬುಟ್ಟು ಬರೀರಿ."

"ಆಗಲ್ಲ. ಸುಳ್ಳು ಬರೀಬೇಕಾಗುತ್ತೆ."

"ಅದರಿಂದ ನಮ್ ಜಮೀನಿಗೆ ಏನಾದ್ರೂ ಆಯ್ತದಾ?"

"ಈಗಿರೋ ಕಾನೂನಲ್ಲಿ ಆಗಬಾರದು. ಆದರೆ ಮುಂದೆ ಯಾರು ಆ ಫೈಲನ್ನ ಹೇಗೆ ಓದ್ತಾರೋ ನಂಗೆ ಗೊತ್ತಿಲ್ಲ. ವರ್ಷದೊಳಗೆ ನಂಗೆ ವರ್ಗ ಆಗುತ್ತೆ, ನಾನಿಲ್ಲಿ ಇರಲ್ಲ. ಬರೆದಿದ್ದು ಇರುತ್ತೆ."

ಸರ್ಕಾರದ ಬಾಯಿಂದ 'ನನಗೆ ಗೊತ್ತಿಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು, ಅಲ್ಲಿ ನೆರೆದವರೂ ಬಹುಶಃ ಅದೇ ಮೊದಲು ಕೇಳಿದ್ದು. ಮುನಿವೆಂಕಟಪ್ಪನವರು ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದರು, ಅವರ ಕೈ ಸ್ವೆಟರಿನ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಬಿಚ್ಚುತ್ತ ಇತ್ತು. ಮಂಕರಿಯೊಳಗಿಂದ ಒಂದು ಮರಿ ಕೀರಲು ದನಿಯಲ್ಲಿ ಕರೆಯಿತು. ಆಗ ಅದುವರೆಗೆ ತುಟಿ ಎರಡು ಮಾಡದಿದ್ದ ಲಕ್ಕಮ್ಮನವರು, ಯಾರಿಗೂ ಅಲ್ಲವೆಂಬಂತೆ, ಮೆಲ್ಲಗೆ ಅಂದರು: "ಬೆಳಗ್ಗೆಯಿಂದ ಕುಡ್ಸಿಲ್ಲ. ಕೆಚ್ಚಲು ಬಿಗಿದು ಎಷ್ಟು ನೋಯ್ತಿರ್ತದೋ ಅದುಕ್ಕೆ."

ಹಸು ಕರು ಕಳೆದುಕೊಂಡಾಗ, ಹಾಲು ಕರೆಯುವುದು ಒಂದು ಹೊತ್ತು ತಪ್ಪಿದಾಗ, ಕೆಚ್ಚಲು ಕಲ್ಲಾಗಿ, ಅದು ಕಾಲು ಬಡಿಯುತ್ತ ರಾತ್ರಿಯೆಲ್ಲ ಕೂಗುವುದನ್ನು ಕೇಳಿ ಬೆಳೆದ ಮನೆ ಅದು. ಗುಟ್ಟೆಯ ಮೇಲಿನ ಯಾವುದೋ ಬಂಡೆಯ ಸಂದಿಯಲ್ಲಿ ಒಂದು ಮೃಗ ಹಾಗೆ ನೋಯುತ್ತಿದೆ ಎಂಬುದನ್ನು ಮುನಿವೆಂಕಟಪ್ಪನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವರು ಏನೂ ಮಾತಾಡಲಿಲ್ಲ. ಬಗ್ಗಿ ಗೇಟಿನ ಚಿಲಕ ತೆಗೆದರು, ಬಾಗಿಲನ್ನು ಬೇಲಿಗೆ ತಾಗುವವರೆಗೆ ಹಿಂದಕ್ಕೆ ತಳ್ಳಿದರು, ಮಂಕರಿಯನ್ನು ಎತ್ತಿಕೊಂಡು ಬದುವಿನ ಮೇಲೆ ಮುಂದೆ ನಡೆದರು. ಅವರು ಕೈ ಹಿಂದೆ ಕಟ್ಟಿಕೊಳ್ಳದೆ ನಡೆದದ್ದನ್ನು ನಾನು ಕಂಡದ್ದು ಅಂದೇ. ಖಾಕಿಯವರು ಸಾಲಾಗಿ ಹಿಂಬಾಲಿಸಿದರು. ಬದುವಿನ ಕೊನೆಯಲ್ಲಿ ಸಂಘಮಿತ್ರ ಅವರ ಕೈಯಿಂದ ಮಂಕರಿಯನ್ನು ಇಸಿದುಕೊಂಡರು. ಮಾರಕ್ಕ ದೂರದಿಂದಲೇ ಬೆರಳು ಮಾಡಿ ಜಾಗ ತೋರಿಸಿದಳು. ಪೆಟ್ಟಿಗೆ ಇಟ್ಟು, ಕ್ಯಾಮೆರಾ ಕಟ್ಟಿ ಬಂದ ಮೇಲೆ ಆಕೆ ಮೊಬೈಲಿನ ನಕ್ಷೆಯಲ್ಲಿ ಒಂದು ಚುಕ್ಕೆ ಒತ್ತಿದರು. "ಆಯ್ತಾ? ಇಷ್ಟೇನಾ?" ಎಂದರು ಮುನಿವೆಂಕಟಪ್ಪ. ಬೇವಿನಮರದ ಹೊಲಕ್ಕೆ ಅಂದು ಸರಪಳಿಯಾದರೂ ಬೇಕಾಗಿತ್ತು.

ಆಮೇಲಿನ ದಿನಗಳದ್ದೊಂದು ತಮಾಷೆ. ಸರ್ಕಾರವನ್ನು ಹೊರಗೆ ಕೂರಿಸುತ್ತಿದ್ದ ಮನುಷ್ಯನನ್ನು ಈಗ ಸರ್ಕಾರ ಅವರದೇ ಹೊಲದ ಹೊರಗೆ ಕೂರಿಸಿತು. ಅವರು ದೂರದ ಬದುವಿನ ಮೇಲೆ ಕೂತು ತಮ್ಮ ರಾಗಿಯನ್ನು ಪರರ ರಾಗಿಯಂತೆ ನೋಡುತ್ತಿದ್ದರು, ಸಂಘಮಿತ್ರ ತಮ್ಮ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಡುತ್ತಿದ್ದರು. "ನಿಮ್ ಟೀ ಪರವಾಗಿಲ್ಲ, ಸಕ್ಕರೆ ಒಂದು ಜಾಸ್ತಿ," ಎಂಬುದು ಅವರ ತೀರ್ಪು. ಎರಡನೆಯ ದಿನ ಮಳೆ ಹಿಡಿಯಿತು. ಜಿಟಿಜಿಟಿ, ನಿಲ್ಲದ ಮಳೆ. ರಾಗಿಯ ತೆನೆಗಳು ಬಾಗಿ ನೆಲ ಮುಟ್ಟಿದವು. ಕೂಲಿಯವರು ಬೇರೆ ಊರಿನ ಕೊಯ್ಲಿಗೆ ಹೋದರು. ಭೀಮರಾಜ್ ದಾರಿಯಲ್ಲಿ ಎದುರಾಗಿ, "ನಾಳೆ ನನ್ ಮಗೂಗೆ ಏನಾದ್ರೂ ಆದ್ರೆ ನಿಮ್ ಹೆಸ್ರೇ ಹೇಳೋದು," ಎಂದ. ಮುನಿವೆಂಕಟಪ್ಪನವರು ಮಾರನೆಯ ಬೆಳಗ್ಗೆ ಕೊಡೆ ಮತ್ತು ಕೋಲು ಹಿಡಿದು ಅವನ ಮನೆಯ ಮುಂದೆ ನಿಂತಿದ್ದರು. ಗುಟ್ಟೆಯ ತಿರುವು ದಾಟುವವರೆಗೆ ಶಾಲೆಗೆ ಹೊರಟ ಮಗುವಿನ ಜೊತೆ ನಡೆದರು, ಸಂಜೆ ಕರೆತಂದರು. ಮಗು ದಾರಿಯುದ್ದಕ್ಕೂ ಚಿರತೆಗೆ ಎಷ್ಟು ಹಲ್ಲು ಎಂದು ಕೇಳಿತಂತೆ. "ನಾನೆಲ್ಲಿ ಎಣ್ಸಕ್ಕೋಗ್ಲಿ, ಅದೇನು ಬಾಯ್ ತೆಗ್ದು ತೋರ್ಸ್ತದಾ," ಎಂದು ನನ್ನ ಹತ್ತಿರ ಹೇಳಿ ನಕ್ಕರು.

ತಾಯಿ ಬಂತು. ಬಂದು ಒಂದನ್ನು ಮಾತ್ರ ಕಚ್ಚಿಕೊಂಡು ಹೋಯಿತು. ಇನ್ನೊಂದು ಒಂಟಿಯಾಗಿ ಉಳಿಯಿತು. ಅಂದು ಬೆಳಗಿನಿಂದ ಸಂಜೆಯವರೆಗೆ ಮುನಿವೆಂಕಟಪ್ಪನವರು ಪಟ್ಟ ಸಂಕಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೆಟ್ಟಿಗೆಯೊಳಕ್ಕೆ ನೀರು ನುಗ್ಗೀತು, ಒಂದು ತಾಟು ಹೊದಿಸಿ ಬರುತ್ತೇನೆಂದು ಎದ್ದರು, ಸಂಘಮಿತ್ರ ಬೇಡವೆಂದರು. ಕೂತರು, ಮತ್ತೆ ಎದ್ದರು. ತಾಯಿ ಒಂದನ್ನೇ ಸಾಕೆಂದುಕೊಂಡಿತೇ, ಜಾಗ ಮರೆಯಿತೇ, ನಮ್ಮ ವಾಸನೆಗೆ ಹೇಸಿತೇ ಎಂದು ಒಂದೇ ಸಮನೆ ಕೇಳುತ್ತಿದ್ದರು. "ಬರುತ್ತೆ ಅನ್ನಿಸುತ್ತೆ. ಖಾತ್ರಿ ಇಲ್ಲ," ಎಂದು ಆಕೆ ಆಗಲೂ ಇದ್ದದ್ದನ್ನೇ ಹೇಳಿದರು. ನಾನಾಗಿದ್ದರೆ ಆ ಮುದಿಜೀವಕ್ಕೆ ಒಂದು ಸುಳ್ಳು ಸಮಾಧಾನ ಹೇಳಿಬಿಡುತ್ತಿದ್ದೆನೇನೋ.

ಮಾರನೆಯ ಬೆಳಗ್ಗೆ ಪೆಟ್ಟಿಗೆ ಖಾಲಿಯಾಗಿತ್ತು. ಸಂಘಮಿತ್ರ ಕ್ಯಾಮೆರಾದ ಚಿತ್ರವನ್ನು ಮೊಬೈಲಿಗೆ ಹಾಕಿಕೊಂಡು ನೇರವಾಗಿ ಮನೆಯ ಪಡಸಾಲೆಗೇ ಬಂದರು, ಲಕ್ಕಮ್ಮನವರು ಹಾಸಿದ ಚಾಪೆಯ ಮೇಲೆ ಕೂತರು. ಮಸುಕು ಬೆಳಕಿನಲ್ಲಿ, ಮಳೆಯಲ್ಲಿ ನೆಂದು ಸಣ್ಣಗೆ ಕಾಣುತ್ತಿದ್ದ ಚಿರತೆ ತೊಗರಿಯ ಸಾಲಿನಿಂದ ಹೊರಬಂದು, ಪೆಟ್ಟಿಗೆಯನ್ನು ಮೂಸಿ, ಕ್ಯಾಮೆರಾದತ್ತ ಒಮ್ಮೆ ನೆಟ್ಟ ನೋಟದಿಂದ ನೋಡಿ, ಮರಿಯ ಕುತ್ತಿಗೆಯನ್ನು ಹಗುರವಾಗಿ ಕಚ್ಚಿ ಎತ್ತಿಕೊಂಡಿತು. ಮುನಿವೆಂಕಟಪ್ಪನವರು ಮತ್ತೆ ಹಾಕಿಸಿಕೊಂಡು ನೋಡಿದರು, ಇನ್ನೊಮ್ಮೆ ನೋಡಿದರು. "ಅದು ಹೆಂಗ್ ಗುರಾಯ್ಸ್ತದೆ ನೋಡೇ ಸರ್ಕಾರಾನ," ಎಂದು ಹೆಂಡತಿಗೆ ತೋರಿಸಿ, ಗಟ್ಟಿಯಾಗಿ ನಕ್ಕು, ನಗುತ್ತಲೇ ಸ್ವೆಟರಿನ ಅಂಚಿನಿಂದ ಕಣ್ಣು ಒರೆಸಿಕೊಂಡರು.

ರಾಗಿ ಅರ್ಧಕ್ಕರ್ಧ ಮೊಳೆತು ಹೋಗಿತ್ತು, ಹುಲ್ಲು ಕಪ್ಪಾಗಿತ್ತು. ಉಳಿದದ್ದನ್ನು ಗಂಡಹೆಂಡತಿ ಮಾರಕ್ಕನ ಜೊತೆ ಸೇರಿ ಕೊಯ್ದು ಮೆದೆ ಹಾಕಿದರು. ಇಲಾಖೆಯಿಂದ ಬೆಳೆಗೆ ಪರಿಹಾರ ಕೇಳಬಹುದೆಂದು ಸಂಘಮಿತ್ರ ಹೇಳಿದ್ದಕ್ಕೆ "ನೋಡಾಣ ಬುಡಿ" ಎಂಬುದೇ ಉತ್ತರವಾಯಿತು. ಆಕೆ ಹೇಳಿದ್ದಂತೆಯೇ ವರ್ಷ ತಿರುಗುವ ಮೊದಲು ವರ್ಗವಾಗಿ ಹೋದರು. ಹೋಗುವ ಮುನ್ನ ಬಂದು ಹೇಳಿಹೋದರು, ಲಕ್ಕಮ್ಮನವರು ಅರಿಸಿನ ಕುಂಕುಮ ಕೊಟ್ಟು ಕಳಿಸಿದರು. ಆಕೆ ಬರೆದದ್ದು ಯಾವುದೋ ಕಪಾಟಿನಲ್ಲಿ ಇದೆ. ಅದರಿಂದ ಈವರೆಗೆ ಏನೂ ಆಗಿಲ್ಲ. ಮುಂದೆ ಆಗಬಹುದು, ಆಗದೆಯೂ ಇರಬಹುದು. ಹೊಸ ಜೀಪು ರಸ್ತೆಯಲ್ಲಿ ವೇಗ ತಗ್ಗಿಸಿದರೆ ಮುನಿವೆಂಕಟಪ್ಪನವರು ಇಂದಿಗೂ ಕೆಲಸ ನಿಲ್ಲಿಸಿ ತಲೆಯೆತ್ತಿ ನೋಡುತ್ತಾರೆ. "ಗೇಟು ತೆಗ್ದು ಕೊಟ್ಟಿದ್ದು ತಪ್ಪಾಯ್ತೇನೋ ಅನ್ಸುತ್ತಾ?" ಎಂದು ನಾನೊಮ್ಮೆ ಕೇಳಿದೆ. ಅವರು ಹೇಳಿದರು: "ಅವತ್ತು ಏನೂ ಆಗಲ್ಲ ಅಂದ್ರು, ಕೊಟ್ಟೆ, ಮೋಸ ಹೋದೆ. ಈ ಸಲ, ಆದ್ರೂ ಆಗ್ಬೋದು, ಗೊತ್ತಿಲ್ಲ ಅಂದ್ರು. ಗೊತ್ತಿದ್ದೂ ಕೊಟ್ಟೆ. ಹೋದ್ರೆ ಹೋಯ್ತದೆ ಮೇಷ್ಟ್ರೆ, ಮೋಸ ಅಂತ ಅನ್ಸಲ್ಲ."

ಇಂಥವರನ್ನು ಲೋಕ ಹಠಮಾರಿಗಳೆನ್ನುತ್ತದೆ. ಕಚೇರಿಯ ಭಾಷೆಯಲ್ಲಿ ಅವರಿಗೆ ಸಹಕಾರ ನೀಡದವರು ಎಂಬ ಬಿರುದೂ ಉಂಟು. ನಮ್ಮ ಸೀಮೆಯಲ್ಲಿ, ನೆಲವೇ ಕಾಲಡಿಯಿಂದ ಸರಿಯುತ್ತಿರುವ ಈ ಕಾಲದಲ್ಲಿ, ಊರಿಗೊಬ್ಬರಾದರೂ ಇಂಥ ಹಿರಿಯರು ಸಿಗುತ್ತಾರೆ. ಒಮ್ಮೆ ನಂಬಿ ಕೆಟ್ಟವರು, ಕೆಟ್ಟ ಮೇಲೂ ಬಂದವರಿಗೆ ಅನ್ನ ಹಾಕುವುದನ್ನು ಬಿಡಲಾಗದವರು. ಅವರ ಬಾಗಿಲು ಮುಚ್ಚಿರುವುದನ್ನು ನೋಡಿ ನಾವು ಒಳಗೆ ಮಮತೆಯಿಲ್ಲವೆಂದು ತಿಳಿಯುತ್ತೇವೆ. ಇರುವುದು ಅಷ್ಟೂ ಒಳಗೇ ಇರುತ್ತದೆ, ಅದಕ್ಕಾಗಿಯೇ ಅಷ್ಟು ಭದ್ರವಾದ ಚಿಲಕ. ಅವರಿಗೆ ಭರವಸೆಗಳನ್ನು ಕೊಡಲು ಹೋದವರೆಲ್ಲ ಹೊರಗಿನಿಂದಲೇ ಮರಳಿದರು. ಇದ್ದದ್ದನ್ನು ಇದ್ದಂತೆ ಹೇಳಿ, ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡವರಿಗೆ ಅವರು ನಷ್ಟವನ್ನು ಕಣ್ಣೆದುರಿಗೆ ಇಟ್ಟುಕೊಂಡೇ ಕದ ತೆರೆದುಬಿಡುತ್ತಾರೆ. ಅಂಥ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅಲ್ಲಿಗೆ ನಿಜವನ್ನು ಹೊತ್ತು ಹೋಗುವವರೇ ಕಡಿಮೆ.